ಮನೆ ಹೊತ್ತವನ ಅತಿಥಿಧರ್ಮ

ಮನೆಯೆಂಬುದು ನಿಲ್ಲುವ ವಸ್ತು. ದಾರಿಯೆಂಬುದು ನಡೆಯುವವರ ವಸ್ತು. ಮನೆಯಲ್ಲಿರುವವನು ಯಜಮಾನನು, ದಾರಿಯಲ್ಲಿರುವವನು ಅತಿಥಿಯು ಎಂಬ ವಿಭಾಗವು ಬಹುಕಾಲದಿಂದ ನಡೆದುಬಂದುದು. ಊರಿಂದೂರಿಗೆ ಹೋಗುವವನು ಹೊತ್ತು ಮುಳುಗುವ ವೇಳೆಗೆ ಯಾರದಾದರೊಂದು ಜಗಲಿಯನ್ನು ನೋಡಿಕೊಳ್ಳಬೇಕಾಗಿತ್ತು. ಒಂದು ಚೆಂಬು ನೀರನ್ನಾದರೂ ಬೇಡಬೇಕಾಗಿತ್ತು. ಹೀಗೆ ಬೇಡುವುದರಲ್ಲಿ ಕಷ್ಟವಿದ್ದಂತೆ ಒಂದು ಶಿಕ್ಷಣವೂ ಇದ್ದಿತು. ತಾನು ನಿಂತಿರುವ ನೆಲವು ತನ್ನದಲ್ಲವೆಂಬ ಅರಿವು ಬೇಡುವವನಿಗೆ ಯಾರೂ ಬೋಧಿಸದೆಯೇ ಬರುತ್ತಿದ್ದಿತು.

ಈ ಕಾಲದಲ್ಲಾದರೋ ಮನೆಗೇ ಗಾಲಿಗಳು ಬಂದಿವೆ. ಮೋಟಾರ್‌ಹೋಮ್ ಎಂದು ಕರೆಯಲಾಗುವ ವಾಹನದಲ್ಲಿ ಹಾಸಿಗೆಯುಂಟು, ಒಲೆಯುಂಟು, ಫ್ರಿಜ್ಜು ಉಂಟು; ನೀರಿನ ಟ್ಯಾಂಕು, ಗ್ಯಾಸಿನ ಸಿಲಿಂಡರು, ಮಾಡಿನ ಮೇಲೆ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕ, ಮೂಲೆಯಲ್ಲಿ ಶೌಚದ ಏರ್ಪಾಟು, ಎಲ್ಲವೂ ಉಂಟು. ಆಸ್ತಿಯನ್ನು ಸ್ಥಿರವೆಂದೂ ಚರವೆಂದೂ ಎರಡಾಗಿ ವಿಂಗಡಿಸಿದ ನ್ಯಾಯಶಾಸ್ತ್ರವು ಮನೆಯನ್ನು ಸ್ಥಿರದ ಸಾಲಿಗೆ ಸೇರಿಸಿತು. ಈ ಮನೆಯು ಮಾತ್ರ ಆ ಸಾಲನ್ನು ಬಿಟ್ಟು ಹೊರಟುಹೋಗಿದೆ. ಇದರಲ್ಲಿ ಕುಳಿತವನು ಯಾರ ಜಗಲಿಯನ್ನೂ ಕೇಳಬೇಕಾಗಿಲ್ಲ, ಯಾರ ನೀರನ್ನೂ ಬೇಡಬೇಕಾಗಿಲ್ಲ. ಇಂತಿರಲು ಒಂದು ಪ್ರಶ್ನೆಯು ಹುಟ್ಟುತ್ತದೆ: ತನ್ನ ಮನೆಯನ್ನು ತಾನೇ ಹೊತ್ತು ಹೋಗುವವನು ಯಾರಿಗೂ ಅತಿಥಿಯಲ್ಲವೆ? ಯಾರಿಂದಲೂ ಏನನ್ನೂ ಪಡೆಯದವನಿಗೆ ಯಾವ ಋಣವೂ ಇಲ್ಲವೆ?

ಈ ಪ್ರಶ್ನೆಯನ್ನು ಪರೀಕ್ಷಿಸಲು ಆಸ್ಟ್ರೇಲಿಯಾ ಖಂಡದ ಒಳನಾಡಿಗಿಂತ ತಕ್ಕ ಸ್ಥಳವು ಮತ್ತೊಂದಿಲ್ಲ. ಆ ದೇಶದ ವಿಸ್ತಾರವು ಸುಮಾರು 77 ಲಕ್ಷ ಚದರ ಕಿಲೋಮೀಟರು. ಅದು ಭಾರತದ ಎರಡು ಪಟ್ಟಿಗೂ ಮಿಗಿಲಾದುದು. ಜನಸಂಖ್ಯೆಯಾದರೋ ಮೂರು ಕೋಟಿಯನ್ನು ಮುಟ್ಟಿಲ್ಲ, ಮತ್ತು ಅವರಲ್ಲಿ ಬಹುಪಾಲು ಜನರು ಸಮುದ್ರತೀರದ ನಗರಗಳಲ್ಲಿಯೇ ಇರುತ್ತಾರೆ. ನಡುವಣ ಕೆಂಪು ಮಣ್ಣಿನ ವಿಸ್ತಾರವನ್ನು ಅಲ್ಲಿಯ ಜನರು ಔಟ್‌ಬ್ಯಾಕ್ ಎನ್ನುತ್ತಾರೆ. ದಕ್ಷಿಣದ ಪೋರ್ಟ್ ಆಗಸ್ಟಾ ಎಂಬ ಊರಿನಿಂದ ಉತ್ತರದ ಡಾರ್ವಿನ್ ನಗರದವರೆಗೆ ಈ ನೆಲವನ್ನು ಸೀಳಿಕೊಂಡು ಹೋಗುವ ಸ್ಟುವರ್ಟ್ ಹೆದ್ದಾರಿಯು 2,700 ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದೆ. ಅದಕ್ಕೆ ಕೊನೆಯವರೆಗೂ ಡಾಂಬರು ಬಿದ್ದುದು 1987ರಲ್ಲಿ. ಗ್ಲೆಂಡಾಂಬೊ ಎಂಬ ತಂಗುದಾಣವನ್ನು ಬಿಟ್ಟರೆ ಮುಂದಿನ ಊರಾದ ಕೂಬರ್ ಪೀಡಿಯವರೆಗೆ ಸುಮಾರು 250 ಕಿಲೋಮೀಟರು ಪೆಟ್ರೋಲು ದೊರೆಯುವ ಸ್ಥಳವೇ ಇಲ್ಲ. 1915ರಲ್ಲಿ ಓಪಲ್ ಎಂಬ ರತ್ನದ ಕಲ್ಲು ಸಿಕ್ಕಿದುದರಿಂದ ಹುಟ್ಟಿದ ಆ ಕೂಬರ್ ಪೀಡಿಯಲ್ಲಿ ಬಿಸಿಲಿನ ಬೇಗೆಯನ್ನು ತಾಳಲಾರದೆ ಅನೇಕರು ಗುಡ್ಡವನ್ನು ಕೊರೆದು ನೆಲದೊಳಗೇ ಮನೆ ಮಾಡಿಕೊಂಡಿರುವರು.

ಈ ದಾರಿಯಲ್ಲಿ ಚಳಿಗಾಲದ ತಿಂಗಳುಗಳಲ್ಲಿ, ಎಂದರೆ ಮೇ ತಿಂಗಳಿಂದ ಸೆಪ್ಟೆಂಬರದವರೆಗೆ, ಗಾಲಿಯ ಮನೆಗಳು ಒಂದರ ಹಿಂದೊಂದು ಹೊರಡುತ್ತವೆ. ಅವುಗಳನ್ನು ನಡೆಸುವವರಲ್ಲಿ ನೌಕರಿಯಿಂದ ನಿವೃತ್ತರಾದ, ಮಕ್ಕಳ ಜವಾಬ್ದಾರಿಯನ್ನು ತೀರಿಸಿದ ದಂಪತಿಗಳು ಬಹಳ. ನರೆಗೂದಲ ಅಲೆಮಾರಿಗಳೆಂಬ ಅರ್ಥದ ಹೆಸರೊಂದನ್ನು ಆ ದೇಶದ ಜನರು ಇವರಿಗೆ ವಿನೋದದಿಂದ ಇಟ್ಟಿದ್ದಾರೆ. ಇವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಜೀವಮಾನವೆಲ್ಲ ದುಡಿದು, ಕೊನೆಗೊಮ್ಮೆ ತಮ್ಮ ದೇಶವನ್ನು ಕಣ್ತುಂಬ ನೋಡಬೇಕೆಂದು ಹೊರಟವರು. ಆದುದರಿಂದ ಇವರ ಪರವಾಗಿ ಹೇಳಬಹುದಾದ ಮಾತನ್ನು ಮೊದಲು ನ್ಯಾಯವಾಗಿ ಕೇಳಬೇಕು.

ಪೂರ್ವಪಕ್ಷವು ಹೀಗಿದೆ: ಪರರಿಗೆ ಹೊರೆಯಾಗದಿರುವುದು ಸಜ್ಜನನ ಲಕ್ಷಣ. ಬಡವನೊಬ್ಬನ ಮನೆಗೆ ಹತ್ತು ಜನ ಹೋಗಿ ಇಳಿದರೆ ಅವನ ಒಂದು ವಾರದ ಧಾನ್ಯವು ಒಂದೇ ದಿನದಲ್ಲಿ ತೀರಿಹೋಗುತ್ತದೆ. ಅದಕ್ಕಿಂತ ತನ್ನ ಅನ್ನವನ್ನು ತಾನೇ ಕಟ್ಟಿಕೊಂಡು ಹೋಗುವುದು ಲೇಸು. ಮೋಟಾರು ಮನೆಯವನು ಮಾಡುವುದು ಇದನ್ನೇ. ಅವನು ತಂದ ನೀರನ್ನು ಕುಡಿಯುತ್ತಾನೆ, ಕೊಂಡ ಎಣ್ಣೆಯನ್ನು ಉರಿಸುತ್ತಾನೆ, ರಾತ್ರಿ ಒಂದು ಬಯಲಿನ ಅಂಚಿನಲ್ಲಿ ಮಲಗಿ ಬೆಳಗ್ಗೆ ಎದ್ದು ಹೋಗುತ್ತಾನೆ. ಯಾರ ಬಾಗಿಲನ್ನೂ ತಟ್ಟದವನಿಗೆ ಅತಿಥಿಧರ್ಮವನ್ನು ಬೋಧಿಸುವುದು, ಸಾಲವನ್ನೇ ಮಾಡದವನಿಂದ ಬಡ್ಡಿ ಕೇಳಿದಂತೆ ಆಗುವುದಿಲ್ಲವೆ?

ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಇನ್ನೂ ಒಂದು ಗುಣವನ್ನು ಅದರ ಪಕ್ಷಕ್ಕೆ ಸೇರಿಸಬಹುದು. ಗಾಲಿಯ ಮನೆಯು ಮಿತಿಯನ್ನು ಕಲಿಸುತ್ತದೆ. ನಗರದ ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಅದು ಎಲ್ಲಿಂದ ಬಂದಿತು, ಎಷ್ಟು ಉಳಿದಿದೆ ಎಂಬ ವಿಚಾರವು ತಿರುಗಿಸಿದವನ ಮನಸ್ಸಿಗೆ ಹೊಳೆಯುವುದೇ ಇಲ್ಲ. ಟ್ಯಾಂಕಿನಲ್ಲಿ ನೂರು ಲೀಟರು ನೀರನ್ನಿಟ್ಟುಕೊಂಡು ಮರುಭೂಮಿಗೆ ಇಳಿದವನಿಗೆ ಒಂದೊಂದು ಲೋಟವೂ ಲೆಕ್ಕ. ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಯಿತು, ಶೌಚದ ಡಬ್ಬಿಯನ್ನು ಎಲ್ಲಿ ಬರಿದು ಮಾಡಬೇಕು ಎಂಬುದನ್ನೂ ಅವನೇ ನೋಡಿಕೊಳ್ಳಬೇಕು. ಅದಕ್ಕಾಗಿ ಊರುಗಳಲ್ಲಿ ಪ್ರತ್ಯೇಕವಾದ ಗುಂಡಿಗಳಿವೆ. ಅಲ್ಲಿಯವರೆಗೆ ತನ್ನ ಮೈಲಿಗೆಯನ್ನು ತಾನೇ ಹೊತ್ತು ಸಾಗಬೇಕು. ತಾನು ಬಳಸಿದುದರ ಮೊದಲನ್ನೂ ಕೊನೆಯನ್ನೂ ಕಣ್ಣಾರೆ ಕಾಣುವ ಅವಕಾಶವು ಇಂದಿನ ಗೃಹಸ್ಥನಿಗೆ ಬಹು ದುರ್ಲಭ. ಅದು ಈ ಪ್ರಯಾಣದಲ್ಲಿ ತಾನಾಗಿ ದೊರೆಯುತ್ತದೆ.

ಆದರೂ ಸ್ವಾವಲಂಬನೆಯೆಂಬ ಮಾತನ್ನು ಒರೆಗೆ ಹಚ್ಚಿದರೆ ಅದರ ಬಣ್ಣ ನಿಲ್ಲುವುದಿಲ್ಲ. ಟ್ಯಾಂಕಿನ ನೀರು ಮುಗಿದಾಗ ಅದನ್ನು ತುಂಬಿಸಬೇಕಾದುದು ಬಹುಕಡೆ ಕೊಳವೆಬಾವಿಯಿಂದ. ಆ ಖಂಡದ ಐದನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ, ಸುಮಾರು 17 ಲಕ್ಷ ಚದರ ಕಿಲೋಮೀಟರುಗಳ ಅಡಿಯಲ್ಲಿ ಒಂದು ಮಹಾ ಜಲರಾಶಿಯಿದೆ. ಮಳೆಯ ನೀರು ಲಕ್ಷಾಂತರ ವರ್ಷಗಳ ಕಾಲ ಕಲ್ಲಿನ ಪದರಗಳಲ್ಲಿ ಹರಿದು ಅಲ್ಲಿ ಸೇರಿದೆ. 19ನೆಯ ಶತಮಾನದ ಕೊನೆಯ ಭಾಗದಿಂದ ಕುರಿ ದನಗಳ ಸಾಕಣೆಗಾಗಿ ಅದಕ್ಕೆ ಸಾವಿರಾರು ಕೊಳವೆಗಳನ್ನು ಇಳಿಸಿ, ಉಕ್ಕಿಬಂದ ನೀರನ್ನು ತೆರೆದ ಕಾಲುವೆಗಳಲ್ಲಿ ಹರಿಯಬಿಟ್ಟುದರಿಂದ ಬಹುಪಾಲು ಬಿಸಿಲಿಗೆ ಆರಿಹೋಯಿತು. ಒಳಗಿನ ಒತ್ತಡ ಕುಗ್ಗಿ ಎಷ್ಟೋ ಸಹಜ ಬುಗ್ಗೆಗಳು ಬತ್ತಿದವು. ಬಳಿಕ ಸರ್ಕಾರಗಳು ಹಣ ಸುರಿದು ಆ ಬಾವಿಗಳ ಬಾಯಿಗಳನ್ನು ಮುಚ್ಚಿಸಬೇಕಾಯಿತು. ದಾರಿಹೋಕನು ತುಂಬಿಸಿಕೊಳ್ಳುವ ಒಂದು ಕ್ಯಾನು ನೀರಿನ ಹಿಂದೆ ಲಕ್ಷ ವರ್ಷಗಳ ಸಂಚಯವೂ, ನೂರು ವರ್ಷಗಳ ದುಂದೂ, ಅದನ್ನು ತಡೆದವರ ಶ್ರಮವೂ ಇವೆ. ಅವನು ಕೊಟ್ಟ ಹಣವು ಕೊಳವೆಯ ಬೆಲೆಯೇ ಹೊರತು ನೀರಿನ ಬೆಲೆಯಲ್ಲ.

ಆ ದಾರಿಯಲ್ಲಿ ಕಾಯಿಲೆ ಬಿದ್ದರೆ ಗತಿಯೇನು? ಅದಕ್ಕೂ ಬೇರೊಬ್ಬರು ಮೊದಲೇ ಚಿಂತಿಸಿದ್ದಾರೆ. ಜಾನ್ ಫ್ಲಿನ್ ಎಂಬ ಕ್ರೈಸ್ತ ಧರ್ಮೋಪದೇಶಕರು ಒಳನಾಡಿನ ಜನರು ವೈದ್ಯನಿಲ್ಲದೆ ಸಾಯುವುದನ್ನು ಕಂಡು ಮರುಗಿ, ವಿಮಾನದಲ್ಲಿ ವೈದ್ಯನನ್ನು ಕಳುಹಿಸುವ ಏರ್ಪಾಟಿಗಾಗಿ ವರ್ಷಗಟ್ಟಲೆ ದುಡಿದರು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲೋನ್‌ಕರಿ ಎಂಬ ಊರಿನಿಂದ ಮೊದಲ ವಿಮಾನವು ಏರಿತು. ವಿಮಾನವಿದ್ದರೂ ಕರೆಯುವ ದಾರಿ ಬೇಕಷ್ಟೆ. ಆಲ್ಫ್ರೆಡ್ ಟ್ರೇಗರ್ ಎಂಬ ಯಂತ್ರಕುಶಲನು ವಿದ್ಯುತ್ತಿಲ್ಲದ ಒಂಟಿಮನೆಗಳವರು ಕಾಲಿನಿಂದ ತುಳಿದು ನಡೆಸಬಹುದಾದ ರೇಡಿಯೋವನ್ನು ರಚಿಸಿಕೊಟ್ಟನು. ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವೀಸ್ ಎಂಬ ಆ ಸಂಸ್ಥೆಯು ಇಂದಿಗೂ ಹಗಲಿರುಳು ಕೆಲಸ ಮಾಡುತ್ತಿದೆ. ಯಾರ ಹಂಗೂ ತನಗಿಲ್ಲವೆಂದು ಹೊರಟವನ ತಲೆಯ ಮೇಲೆ, ಅವನಿಗೆ ತಿಳಿಯದಂತೆ, ಇಂತಹ ಒಂದು ಕೊಡೆಯು ಬಿಚ್ಚಿಕೊಂಡಿದೆ.

ಕೊಡೆ ಸಿಗದವರ ಗತಿಯನ್ನೂ ಮರೆಯಬಾರದು. 1963ರ ಡಿಸೆಂಬರದ ಕಡು ಬೇಸಗೆಯಲ್ಲಿ ಬರ್ಡ್ಸ್‌ವಿಲ್ ಹಾದಿಯ ಸೀಮೆಯಲ್ಲಿ ಒಂದೇ ಕುಟುಂಬದ ಐವರು ನಿಂತುಹೋದ ಕಾರನ್ನು ಬಿಟ್ಟು ನೀರು ಹುಡುಕುತ್ತ ನಡೆದು ಬಾಯಾರಿ ಸತ್ತರು. ವಾಹನವು ನಿಂತರೆ ಅದರ ಬಳಿಯಲ್ಲೇ ಇರಿ, ಹುಡುಕಿ ಬರುವವರಿಗಾಗಿ ಕಾಯಿರಿ ಎಂಬುದು ಅಲ್ಲಿ ಎಲ್ಲ ಪ್ರಯಾಣಿಕರಿಗೂ ಕೊಡುವ ಮೊದಲನೆಯ ಎಚ್ಚರಿಕೆ. ಈ ಎಚ್ಚರಿಕೆಯ ಅರ್ಥವನ್ನು ವಿಚಾರಿಸಬೇಕು. ಯಾರಾದರೂ ಬಂದೇ ಬರುವರೆಂಬ ನಂಬಿಕೆಯೇ ಅದರ ತಳಹದಿ. ಆದುದರಿಂದಲೇ ಅಲ್ಲಿ ಎದುರು ಬದುರಾದ ವಾಹನಗಳ ಚಾಲಕರು ಹಿಡಿಚಕ್ರದಿಂದ ಒಂದು ಬೆರಳನ್ನೆತ್ತಿ ಪರಸ್ಪರ ವಂದಿಸುವ ವಾಡಿಕೆಯುಂಟು. ದಾರಿಯ ಮಗ್ಗುಲಲ್ಲಿ ನಿಂತ ಬಂಡಿಯನ್ನು ಕಂಡರೆ ನಿಧಾನಿಸಿ ಕ್ಷೇಮವೇ ಎಂದು ವಿಚಾರಿಸುವುದುಂಟು. ಗುರುತಿಲ್ಲದವನನ್ನು ತನ್ನವನೆಂದು ಒಪ್ಪಿಕೊಳ್ಳುವ ಆ ಒಂದು ಬೆರಳು, ಪೂರ್ವಪಕ್ಷದ ಸ್ವಾವಲಂಬನೆಗೆ ಸಾಕಾದ ಉತ್ತರ.

ಇದಕ್ಕೂ ಆಳವಾದ ಉತ್ತರವು ಇನ್ನೊಂದಿದೆ. ಅದು ನೆಲದ ಸ್ವಂತವರನ್ನು ಕುರಿತುದು. ಬೇಕಾದುದನ್ನೆಲ್ಲ ಹೊತ್ತುಕೊಂಡು ಈ ಒಳನಾಡಿಗೆ ಇಳಿದವರಲ್ಲಿ ಇಂದಿನ ಮೋಟಾರು ಮನೆಯವರು ಮೊದಲಿಗರಲ್ಲ. 1860ರ ಆಗಸ್ಟ್ 20ರಂದು ರಾಬರ್ಟ್ ಬರ್ಕ್ ಎಂಬವನ ನಾಯಕತ್ವದಲ್ಲಿ ಮೆಲ್ಬರ್ನ್ ನಗರದಿಂದ ಒಂದು ದೊಡ್ಡ ತಂಡವು ಹೊರಟಿತು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುವುದು ಅದರ ಉದ್ದೇಶ. ಅದರ ಸಲುವಾಗಿ ಅಂದಿನ ಬ್ರಿಟಿಷ್ ಇಂಡಿಯಾದಿಂದ 24 ಒಂಟೆಗಳನ್ನು ಹಡಗಿನಲ್ಲಿ ತರಿಸಿದ್ದರು. ಅವುಗಳೊಡನೆ ಈ ಕಡೆಯ ಒಂಟೆಗಾರರೂ ಹೋಗಿದ್ದರು. ಸಾಮಾನಿನ ತೂಕ ಸುಮಾರು 20 ಟನ್ನು. ಎರಡು ವರ್ಷಗಳಿಗೆ ಸಾಲುವಷ್ಟು ಆಹಾರ; ಅದರ ಜತೆಗೆ ಊಟದ ಮೇಜು ಕುರ್ಚಿಗಳು ಕೂಡ. ಅದೂ ಒಂದು ಚಲಿಸುವ ಮನೆಯೇ ಆಗಿದ್ದಿತು.

ದಾರಿಯಲ್ಲಿ ಸಾಮಾನು ಸ್ವಲ್ಪ ಸ್ವಲ್ಪವಾಗಿ ಕಳಚಿತು. ಬರ್ಕ್, ವಿಲ್ಸ್, ಕಿಂಗ್, ಗ್ರೇ ಎಂಬ ನಾಲ್ವರು ಮಾತ್ರ ಕೂಪರ್ ಕ್ರೀಕ್ ಎಂಬ ಹಳ್ಳದ ದಂಡೆಯ ಬಿಡಾರದಿಂದ ಮುಂದೆ ಹೋಗಿ ಉತ್ತರದ ಕಡಲಂಚನ್ನು ಸಮೀಪಿಸಿ ಹಿಂತಿರುಗಿದರು. ಗ್ರೇ ದಾರಿಯಲ್ಲೇ ತೀರಿಕೊಂಡನು. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಬಿಡಾರಕ್ಕೆ ಬಂದು ನೋಡಿದರೆ, ಅಲ್ಲಿ ಕಾಯುತ್ತಿದ್ದವರು ಅದೇ ದಿನ ಬೆಳಗ್ಗೆ ಎದ್ದುಹೋಗಿದ್ದರು. ಹೊತ್ತು ತಂದ ಮನೆಯು ಹೀಗೆ ಕೈಬಿಟ್ಟ ಮೇಲೆ ಅವರ ಎದುರಿಗೆ ಉಳಿದುದು ಹಳ್ಳದ ದಂಡೆಯಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಯಂಡ್ರುವಂಡ ಜನರು ಮಾತ್ರ.

ಆ ಜನರು ಮೀನನ್ನು ಕೊಟ್ಟರು. ನಾರ್ಡೂ ಎಂಬ ಜರಿಗಿಡದ ಬೀಜದಂತಹ ಕಾಯನ್ನು ಅರೆದು ಮಾಡಿದ ರೊಟ್ಟಿಯನ್ನು ಕೊಟ್ಟರು. ಆದರೆ ಬರ್ಕ್‌ನಿಗೆ ಅವರಲ್ಲಿ ವಿಶ್ವಾಸವಿರಲಿಲ್ಲ. ಒಂದು ವಸ್ತುವನ್ನು ಎತ್ತಿಕೊಂಡುದಕ್ಕಾಗಿ ಅವರ ತಲೆಯ ಮೇಲಿಂದ ಪಿಸ್ತೂಲು ಹಾರಿಸಿದನು. ಅವರು ದೂರ ಸರಿದರು. ಅವರು ಹೋದ ಬಳಿಕ ಈ ಮೂವರು ನಾರ್ಡೂವನ್ನು ತಾವೇ ಕೂಡಿಸಿ ತಿಂದರು. ಆ ಕಾಯಲ್ಲಿ ಜೀವಸತ್ವವನ್ನು ನಾಶಪಡಿಸುವ ಅಂಶವೊಂದಿದೆ. ಅದನ್ನು ಸ್ಥಳೀಯರು ಕಳೆಯುತ್ತಿದ್ದ ಕ್ರಮವನ್ನು ಇವರು ಕಲಿತಿರಲಿಲ್ಲವೆಂದು ಇಂದಿನ ವಿದ್ವಾಂಸರಲ್ಲಿ ಹಲವರ ಅಭಿಪ್ರಾಯ. ಹೊಟ್ಟೆ ತುಂಬಿದರೂ ಮೈ ಬತ್ತುತ್ತ ಬರ್ಕ್ ಮತ್ತು ವಿಲ್ಸ್ ಇಬ್ಬರೂ ಸತ್ತರು. ಜಾನ್ ಕಿಂಗ್ ಒಬ್ಬನು ಮಾತ್ರ ಯಂಡ್ರುವಂಡ ಜನರನ್ನು ಹುಡುಕಿಕೊಂಡು ಹೋಗಿ ಅವರ ನಡುವೆ ಇದ್ದುಬಿಟ್ಟನು. ಅವರು ಅವನಿಗೆ ಉಣ್ಣಲಿಕ್ಕಿ, ಮಲಗಲು ನೆಲೆ ಕೊಟ್ಟು, ಸೆಪ್ಟೆಂಬರದಲ್ಲಿ ಅವನ ಕಡೆಯವರು ಬರುವತನಕ ಕಾಪಾಡಿದರು. ಇಪ್ಪತ್ತು ಟನ್ನು ಸಾಮಾನು ಉಳಿಸಲಾರದ ಜೀವವನ್ನು ಒಂದು ಗುಡಿಸಲಿನ ಆತಿಥ್ಯವು ಉಳಿಸಿತು. ಸತ್ತ ನಾಯಕನು ಬದುಕಿದ ಸೇವಕನಿಗಿಂತ ಧೈರ್ಯದಲ್ಲಿ ಕಡಿಮೆಯಾಗಿದ್ದನೆಂದಲ್ಲ. ತಾನು ಅತಿಥಿಯೆಂಬುದನ್ನು ಒಪ್ಪಿಕೊಳ್ಳುವ ವಿನಯವು ಅವನಿಗೆ ವೇಳೆಗೆ ಒದಗಲಿಲ್ಲ.

ಆ ನೆಲವನ್ನು ಬರಿದಾದುದೆಂದು ಭಾವಿಸಿದುದು ಬರ್ಕ್ ಒಬ್ಬನ ದೋಷವಲ್ಲ. 50,000 ವರ್ಷಗಳಿಗೂ ಮಿಗಿಲಾಗಿ ಮನುಷ್ಯರು ವಾಸವಾಗಿದ್ದ ಖಂಡವನ್ನು ಬಂದ ಜನರು ಯಾರದೂ ಅಲ್ಲದ ನೆಲವೆಂದು ಕಾನೂನಿನ ಮಾತಿನಲ್ಲಿಯೇ ನಡೆಸಿಕೊಂಡರು. ಈ ಭಾವನೆಯ ಫಲವು 1956 ಮತ್ತು 1957ರಲ್ಲಿ ಘೋರವಾಗಿ ಕಾಣಿಸಿತು. ದಕ್ಷಿಣ ಆಸ್ಟ್ರೇಲಿಯಾದ ಮರಾಲಿಂಗ ಎಂಬ ಸ್ಥಳದಲ್ಲಿ ಬ್ರಿಟಿಷ್ ಸರ್ಕಾರವು ಏಳು ಅಣುಬಾಂಬುಗಳನ್ನು ಸಿಡಿಸಿತು. ಆ ಸೀಮೆಯ ಮೂಲನಿವಾಸಿಗಳು ತಮ್ಮ ನೆಲವನ್ನು ಬಿಟ್ಟು ಹೋಗಬೇಕಾಯಿತು. ಯಾರದೂ ಅಲ್ಲದ ನೆಲವೆಂಬ ಸಿದ್ಧಾಂತವನ್ನು ಆ ದೇಶದ ಉಚ್ಚ ನ್ಯಾಯಾಲಯವು ತಳ್ಳಿಹಾಕಿದುದು 1992ರ ಜೂನ್ 3ರಂದು. ಅದಕ್ಕಾಗಿ ಹತ್ತು ವರ್ಷ ಹೋರಾಡಿದ ಎಡ್ಡಿ ಮಾಬೊ ಎಂಬ ದ್ವೀಪನಿವಾಸಿಯು ತೀರ್ಪನ್ನು ಕೇಳಲು ಬದುಕಿರಲಿಲ್ಲ. ಅದೇ ಜನವರಿಯಲ್ಲಿ ಅವರು ತೀರಿಕೊಂಡಿದ್ದರು. ಕಣ್ಣಿಗೆ ಮನೆ ಕಾಣಿಸದ ಮಾತ್ರಕ್ಕೆ ಮನೆಯವನಿಲ್ಲವೆಂದು ತಿಳಿಯುವುದು ಎಷ್ಟು ದೊಡ್ಡ ಅನ್ಯಾಯಕ್ಕೆ ಬಾಗಿಲಾಗುತ್ತದೆಂಬುದಕ್ಕೆ ಇದೇ ನಿದರ್ಶನ.

ಈಗ ಹೆದ್ದಾರಿಗೆ ಮರಳಬಹುದು. ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿಗೆ ಸುಮಾರು 200 ಕಿಲೋಮೀಟರು ದಕ್ಷಿಣದಲ್ಲಿ ಒಂದು ಕವಲುದಾರಿಯು ಪಶ್ಚಿಮಕ್ಕೆ ಹೊರಟು ಉಲೂರು ಎಂಬ ಮಹಾಶಿಲೆಯ ಕಡೆಗೆ ಹೋಗುತ್ತದೆ. ಸಮತಟ್ಟಾದ ಬಯಲಿನಿಂದ 348 ಮೀಟರು ಎತ್ತರಕ್ಕೆ ಎದ್ದುನಿಂತ ಈ ಕೆಂಗಲ್ಲಿನ ಸುತ್ತಳತೆಯು 9 ಕಿಲೋಮೀಟರಿಗೂ ಹೆಚ್ಚು. ಇದು ಅಲ್ಲಿಯ ಆನಂಗು ಜನರಿಗೆ ಪವಿತ್ರವಾದುದು. 1985ರ ಅಕ್ಟೋಬರ್ 26ರಂದು ಸರ್ಕಾರವು ಇದರ ಒಡೆತನವನ್ನು ಅವರಿಗೆ ಹಿಂದಕ್ಕೆ ಕೊಟ್ಟಿತು. ಅವರು ಎಲ್ಲರೂ ಬಂದು ನೋಡಲೆಂದು 99 ವರ್ಷಗಳ ಗೇಣಿಗೆ ಅದನ್ನು ರಾಷ್ಟ್ರೀಯ ಉದ್ಯಾನಕ್ಕೆ ಬಿಟ್ಟುಕೊಟ್ಟರು. ಕಲ್ಲನ್ನು ಹತ್ತಬೇಡಿರೆಂದು ಅವರು ಕೇಳಿಕೊಂಡರು. ಬಹುಕಾಲ ಅದು ಕೇಳಿಕೆಯಾಗಿಯೇ ಇದ್ದಿತು, ಕಟ್ಟಳೆಯಾಗಿರಲಿಲ್ಲ. ಹತ್ತುವವರು ಹತ್ತುತ್ತಲೇ ಇದ್ದರು. 1950ರ ದಶಕದಿಂದೀಚೆಗೆ ಹತ್ತಲು ಹೋಗಿ ಸತ್ತವರು ಕನಿಷ್ಠ 37 ಮಂದಿ. ಆ ಸಾವುಗಳಿಗಾಗಿ ಆನಂಗು ಜನರು ದುಃಖಿಸಿದರು. ತಮ್ಮ ನೆಲಕ್ಕೆ ಬಂದವರ ಕ್ಷೇಮವು ತಮ್ಮ ಹೊಣೆಯೆಂಬುದು ಅವರ ಧರ್ಮ. ಅತಿಥಿಯು ತಾನು ಅತಿಥಿಯೆಂಬುದನ್ನು ಮರೆತರೂ ಯಜಮಾನನು ತಾನು ಯಜಮಾನನೆಂಬುದನ್ನು ಮರೆತಿರಲಿಲ್ಲ.

ಕಡೆಗೆ 2017ರಲ್ಲಿ ಉದ್ಯಾನದ ಮಂಡಲಿಯು ಹತ್ತುವುದನ್ನು ನಿಷೇಧಿಸಲು ನಿರ್ಣಯಿಸಿತು. 2019ರ ಅಕ್ಟೋಬರ್ 26ರಿಂದ ಅದು ನಿಂತುಹೋಯಿತು. ಆದರೆ ನಿಲ್ಲುವುದಕ್ಕೆ ಮೊದಲಿನ ತಿಂಗಳುಗಳಲ್ಲಿ ನಡೆದುದೇನು? ಇನ್ನು ಮುಂದೆ ಹತ್ತಲಾಗುವುದಿಲ್ಲವೆಂದು ತಿಳಿದು ಜನರು ಸಾಲುಗಟ್ಟಿ ಬಂದರು. ಹತ್ತಿರದ ಯುಲಾರಾ ಎಂಬಲ್ಲಿಯ ಬಿಡಾರಗಳು ತುಂಬಿಹೋದಾಗ ಗಾಲಿಯ ಮನೆಗಳವರಲ್ಲಿ ಕೆಲವರು ಪರರ ನೆಲದೊಳಗೆ ನುಗ್ಗಿ ರಸ್ತೆಯ ಮಗ್ಗುಲಲ್ಲೇ ತಂಗಿದರು, ಕಸವನ್ನು ಎಸೆದರು, ಶೌಚದ ತೊಟ್ಟಿಗಳನ್ನು ಸಹ ಅಲ್ಲಿಯೇ ಬರಿದು ಮಾಡಿ ಹೋದರು. ತನ್ನ ಮೈಲಿಗೆಯನ್ನು ತಾನೇ ಹೊರುವ ಶಿಕ್ಷಣವನ್ನು ಮೋಟಾರು ಮನೆಯು ಕೊಡುತ್ತದೆಂದು ಮೇಲೆ ಹೇಳಿದುದು ನಿಜವೇ. ಆದರೆ ನೆಲಕ್ಕೆ ಒಡೆಯನಿದ್ದಾನೆಂಬ ಅರಿವಿಲ್ಲದೆ ಹೋದರೆ ಆ ಶಿಕ್ಷಣವು ಕಷ್ಟ ಬಂದ ಮೊದಲನೆಯ ದಿನವೇ ಮರೆತುಹೋಗುತ್ತದೆ. ಮಿತಿಯು ಟ್ಯಾಂಕಿನ ಅಳತೆಯಿಂದ ಬಂದರೆ ಸಾಲದು. ಎದುರಿನವನ ಮೇಲಣ ಗೌರವದಿಂದ ಬರಬೇಕು.

ಇಲ್ಲೊಂದು ಸಂದೇಹವು ಬರಬಹುದು. ದುರ್ಜನರು ಮಾಡಿದುದಕ್ಕೆ ಸಜ್ಜನರು ಏಕೆ ಹೊಣೆಯಾಗಬೇಕು? ಸದುದ್ದೇಶವುಳ್ಳವನಿಗೂ ಕೇಳುವ ಅಗತ್ಯವಿದೆಯೆ? ಈ ಸಂದೇಹಕ್ಕೆ ಅದೇ ಹೆದ್ದಾರಿಯ ಬದಿಯಲ್ಲಿ ಉತ್ತರವಿದೆ. ಆಕಾಶಮಾರ್ಗದ ವೈದ್ಯಸೇವೆಯನ್ನು ಕಟ್ಟಿದ ಜಾನ್ ಫ್ಲಿನ್ ಅವರು 1951ರಲ್ಲಿ ತೀರಿಕೊಂಡರು. ಅವರ ಸಮಾಧಿಯು ಆಲಿಸ್ ಸ್ಪ್ರಿಂಗ್ಸಿನ ಹತ್ತಿರ ಆಯಿತು. ಅಂತಹ ಪುಣ್ಯಪುರುಷನ ಸಮಾಧಿಗೆ ಒಳನಾಡಿನದೇ ಒಂದು ಕಲ್ಲು ಒಪ್ಪುವುದೆಂದು ಬಗೆದು, ಉತ್ತರಕ್ಕೆ ಬಹುದೂರದಲ್ಲಿರುವ ಕಾರ್ಲು ಕಾರ್ಲು ಎಂಬ ಸ್ಥಳದಿಂದ ಒಂದು ದೊಡ್ಡ ಉರುಟು ಬಂಡೆಯನ್ನು 1952ರಲ್ಲಿ ತಂದು ಮೇಲಿಟ್ಟರು. ಕಾರ್ಲು ಕಾರ್ಲುವಿನ ಬಂಡೆಗಳು ಅಲ್ಲಿಯ ಮೂಲನಿವಾಸಿಗಳಿಗೆ ಪವಿತ್ರವಾದವು. ಅವರನ್ನು ಯಾರೂ ಕೇಳಲಿಲ್ಲ. ತಂದವರ ಉದ್ದೇಶವು ಭಕ್ತಿ; ಯಾರ ನೆನಪಿಗಾಗಿ ತಂದರೋ ಅವರು ಲೋಕೋಪಕಾರಿ. ಹಾಗಿದ್ದರೂ ಕೇಳದೆ ತಂದ ಕಲ್ಲು ಕೇಳದೆ ತಂದುದೇ ಆಗಿ ಉಳಿಯಿತು. ಅದನ್ನು ಕಳೆದುಕೊಂಡವರು ದಶಕಗಳ ಕಾಲ ನೊಂದರು.

ಬಹಳ ಮಾತುಕತೆಯಾದ ಮೇಲೆ 1999ರಲ್ಲಿ ಆ ಬಂಡೆಯು ತನ್ನ ಸ್ಥಾನಕ್ಕೆ ಮರಳಿತು. ಸಮಾಧಿಯು ಬರಿದಾಗಲಿಲ್ಲ. ಆಲಿಸ್ ಸ್ಪ್ರಿಂಗ್ಸ್ ಸೀಮೆಯ ಮೂಲನಿವಾಸಿಗಳಾದ ಅರೆರ್ಂಟ ಜನರು ತಮ್ಮ ನೆಲದ ಬೇರೊಂದು ಬಂಡೆಯನ್ನು ತಾವೇ ಕೊಟ್ಟರು. ಈಗ ಸಮಾಧಿಯ ಮೇಲಿರುವುದು ಆ ಕಲ್ಲು. ಎರಡೂ ಕಲ್ಲುಗಳೇ; ತೂಕದಲ್ಲಿ, ಗಾತ್ರದಲ್ಲಿ ಹೆಚ್ಚಿನ ವ್ಯತ್ಯಾಸವೇನೂ ಇರಲಾರದು. ಒಂದು ತೆಗೆದುಕೊಂಡುದು, ಮತ್ತೊಂದು ಕೊಟ್ಟುದು. ಧರ್ಮವೂ ಅಧರ್ಮವೂ ಇದೊಂದೇ ಅಂತರದಲ್ಲಿ ನಿಂತಿವೆ. ಕೇಳಿದ್ದರೆ ಆ ಜನರು ಮೊದಲೇ ಕೊಡುತ್ತಿದ್ದರೋ ಇಲ್ಲವೋ, ಆ ವಿಚಾರ ಬೇರೆ. ಇಲ್ಲವೆನ್ನುವ ಅಧಿಕಾರವೂ ಯಜಮಾನನದೇ. ಆ ಅಧಿಕಾರವನ್ನು ಒಪ್ಪಿಕೊಂಡು ಬಾಗಿಲಲ್ಲಿ ನಿಲ್ಲುವುದಕ್ಕೇ ಕೇಳುವುದೆಂದು ಹೆಸರು.

ಇಷ್ಟರಿಂದ ಸಿದ್ಧಾಂತವು ಸ್ಪಷ್ಟವಾಗುತ್ತದೆ. ಅತಿಥಿತ್ವವು ಹಸಿವಿನಿಂದ ಹುಟ್ಟುವುದಲ್ಲ, ನೆಲದಿಂದ ಹುಟ್ಟುವುದು. ಹೊಟ್ಟೆ ತುಂಬಿಕೊಂಡು ಬಂದವನೂ ಇನ್ನೊಬ್ಬರ ಅಂಗಳದಲ್ಲಿ ಅತಿಥಿಯೇ. ಪರರ ಅನ್ನವನ್ನು ಉಣ್ಣದಿರುವುದು ಒಳ್ಳೆಯದು. ಆದರೆ ಅನ್ನವನ್ನು ಉಣ್ಣಲಿಲ್ಲವೆಂಬ ಕಾರಣಕ್ಕೆ ಅಂಗಳವು ತನ್ನದಾಗುವುದಿಲ್ಲ. ಮನೆಯನ್ನು ಹೊತ್ತು ಹೋಗುವವನು ಬಿಟ್ಟುಬಂದುದು ಬೇಡುವ ಕಷ್ಟವೊಂದನ್ನೇ. ಆ ಕಷ್ಟದೊಡನೆ ಬರುತ್ತಿದ್ದ ಅರಿವನ್ನು ಅವನು ಬೇರೆ ದಾರಿಯಿಂದ, ವಿಚಾರದಿಂದ, ಸಂಪಾದಿಸಿಕೊಳ್ಳಬೇಕು. ಹಿಂದಿನ ದಾರಿಹೋಕನಿಗೆ ಬಾಯಾರಿಕೆಯು ಕಲಿಸುತ್ತಿದ್ದ ವಿನಯವನ್ನು ಇಂದಿನವನಿಗೆ ವಿವೇಕವೇ ಕಲಿಸಬೇಕು. ಆದುದರಿಂದ ಅವನ ಹೊಣೆಯು ಹಿಂದಿನವನಿಗಿಂತ ಹೆಚ್ಚಿನದೇ ಹೊರತು ಕಡಿಮೆಯಲ್ಲ.

ಆಚರಣೆಯಲ್ಲಿ ಇದು ಕಠಿಣವೇನೂ ಅಲ್ಲ. ಮೂಲನಿವಾಸಿಗಳ ನೆಲದ ಮೂಲಕ ಹೋಗುವ ಕೆಲವು ದಾರಿಗಳಿಗೆ ಮುಂಚಿತವಾಗಿ ಅನುಮತಿ ಬೇಕು. ಅದನ್ನು ಕಾಟವೆಂದು ತಿಳಿಯದೆ ಬಾಗಿಲು ತಟ್ಟುವ ಕ್ರಮವೆಂದು ತಿಳಿಯುವುದು. ಚಿತ್ರ ತೆಗೆಯಬಾರದೆಂದ ಕಡೆ ತೆಗೆಯದಿರುವುದು. ನೆನಪಿಗೆಂದು ಒಂದು ಹಿಡಿ ಮಣ್ಣನ್ನೂ ಕಟ್ಟಿಕೊಳ್ಳದಿರುವುದು. ಉಲೂರಿನಿಂದ ಕಲ್ಲಿನ ಚೂರುಗಳನ್ನು ಒಯ್ದವರಲ್ಲಿ ಎಷ್ಟೋ ಜನರು ಮನಸ್ಸು ತಡೆಯದೆ, ಕ್ಷಮೆ ಬೇಡುವ ಪತ್ರಗಳೊಡನೆ, ಅಂಚೆಯಲ್ಲಿ ಅವನ್ನು ಹಿಂದಕ್ಕೆ ಕಳುಹಿಸುತ್ತ ಬಂದಿರುವರು. ನೀರಿದ್ದಲ್ಲಿ ಬೇಕಾದಷ್ಟನ್ನೇ ತುಂಬಿಕೊಳ್ಳುವುದು. ನಿಂತ ಬಂಡಿಯನ್ನು ಕಂಡರೆ ನಿಲ್ಲುವುದು. ಬೆಳಗ್ಗೆ ಎದ್ದು ಹೊರಟಾಗ ತಾನು ತಂಗಿದ್ದ ಸ್ಥಳವು ಮೊದಲಿದ್ದಂತೆ ಇರುವುದೋ ಎಂದು ಒಮ್ಮೆ ಹಿಂದಿರುಗಿ ನೋಡುವುದು.

ಇದು ದೂರದೇಶದ ದಾರಿಹೋಕರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಊರಲ್ಲಿ ನೆಲೆನಿಂತ ಗೃಹಸ್ಥರು ಭಾವಿಸಲಾಗದು. ಗಾಲಿಯಿಲ್ಲದ ಮನೆಯಲ್ಲಿದ್ದವನಿಗೂ ಹಣವೆಂಬ ಗಾಲಿಯಿದೆ. ಬೇಕಾದುದನ್ನೆಲ್ಲ ಬೆಲೆ ಕೊಟ್ಟು ತರಿಸಿಕೊಂಡು, ನೆರೆಯವನ ಬಾಗಿಲನ್ನು ವರ್ಷಕ್ಕೊಮ್ಮೆಯೂ ತಟ್ಟದೆ, ಯಾರ ಹಂಗಿನಲ್ಲಿಯೂ ತಾನಿಲ್ಲವೆಂದು ಬಾಳುವವನು ಎಲ್ಲ ಊರುಗಳಲ್ಲಿಯೂ ಉಂಟು. ಅವನ ಬಾವಿಯ ನೀರು ಯಾವ ಮಳೆಯದು, ಅವನ ಅಂಗಳದ ನೆಲವು ಅವನಿಗಿಂತ ಮೊದಲು ಯಾರದಾಗಿದ್ದಿತು, ಅವನು ಹೊರಗೆ ಚೆಲ್ಲಿದ ನೀರು ಯಾರ ಬಾಗಿಲಿಗೆ ಹರಿಯುತ್ತದೆ ಎಂಬುದನ್ನು ಅವನು ಎಂದಾದರೂ ವಿಚಾರಿಸಿದುದುಂಟೆ? ಕೂಪರ್ ಕ್ರೀಕಿನ ದಂಡೆಯಲ್ಲಿ ನಾಯಕನು ವಿಚಾರಿಸಲಿಲ್ಲ, ಸೇವಕನು ವಿಚಾರಿಸಿದನು. ವಿಚಾರಿಸಿದವನಿಗೆ ರೊಟ್ಟಿ ಸಿಕ್ಕಿತು, ಮಲಗಲು ನೆಲೆ ಸಿಕ್ಕಿತು, ಮನೆಗೆ ಮರಳುವ ದಾರಿಯೂ ಸಿಕ್ಕಿತು.